ಭಿನ್ನಾಂಕ ವಿಸರಣೆಯಲ್ಲಿ ಎಂಟ್ರೊಪಿ: ಅಲೆಗೆ ಹತ್ತಿರವಾದಷ್ಟೂ ಉತ್ಪತ್ತಿ ಏರುವುದೇಕೆ?

ಪ್ರಶ್ನೆ: ನಾನು ಮಂಡ್ಯದವಳು, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೇನೆ. ಸೆಮಿನಾರಿಗೆ ಭಿನ್ನಾಂಕ ದರ್ಜೆಯ ವಿಸರಣ ಸಮೀಕರಣವನ್ನು, ಅಂದರೆ ವಸ್ತು ಹರಡುವುದನ್ನು ಹೇಳುವ, ಅವಕಲನದ ದರ್ಜೆ ಪೂರ್ಣಾಂಕವೇ ಆಗಿರಬೇಕಿಲ್ಲದ ಸಮೀಕರಣವನ್ನು, ಆರಿಸಿಕೊಂಡಿದ್ದೇನೆ. ಅದರಲ್ಲಿ ಕಾಲದ ದರ್ಜೆ ಗಾಮಾ 1 ಆದಾಗ ಸಾಮಾನ್ಯ ವಿಸರಣೆ, 2 ಆದಾಗ ಅಲೆಯ ಸಮೀಕರಣ. ಅಲೆಯನ್ನು ಹಿಂದಕ್ಕೆ ಓಡಿಸಬಹುದು, ವಿಸರಣೆಯನ್ನು ಓಡಿಸಲಾಗದು. ಹಾಗಾಗಿ 1ರಿಂದ 2ರ ಕಡೆಗೆ ಹೋದಂತೆ ಎಂಟ್ರೊಪಿ (ಚದುರಿಕೆಯ ಅಳತೆ) ಉತ್ಪತ್ತಿ ಕಡಿಮೆಯಾಗಬೇಕಿತ್ತು. ನನ್ನ ಲೆಕ್ಕದಲ್ಲಿ ಅದು ಹೆಚ್ಚುತ್ತಿದೆ. ಎಲ್ಲಿ ತಪ್ಪಿದೆ? ಜೊತೆಗೆ, ನಮ್ಮ ಕಬ್ಬಿನ ಗದ್ದೆಯ ಮಣ್ಣನ್ನು ಕೊಳವೆಗೆ ತುಂಬಿ ಉಪ್ಪುನೀರು ಬಿಟ್ಟು ನೋಡಿದ್ದೇನೆ. ಉಪ್ಪು ಹೊರಬರುವ ರೇಖೆಗೆ ಬಹಳ ಉದ್ದದ ಬಾಲವಿದೆ, ಗಾಮಾ ಸುಮಾರು 0.6 ಎಂದಿಟ್ಟರೆ ಹೊಂದುತ್ತದೆ. ಈ ಸಮೀಕರಣದೊಳಗಿನ ನೆನಪೇ, ಅಂದರೆ ಈಗಿನ ಹರಿವಿನ ಮೇಲೆ ಹಿಂದಿನ ಸ್ಥಿತಿಗಳ ಪ್ರಭಾವವೇ, ಅಪರಾವರ್ತನೀಯತೆಗೆ, ಅಂದರೆ ಹಿಂದಕ್ಕೆ ತಿರುಗದ ಗುಣಕ್ಕೆ, ಕಾರಣವೇ?

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ. ಜರ್ಮನಿಯ ಕೆಮ್ನಿಟ್ಸ್‌ನ ಹಾಫ್‌ಮನ್, ಕೆನಡಾದ ಎಸೆಕ್ಸ್ ಮತ್ತು ಅವರ ಸಹೋದ್ಯೋಗಿ ಶುಲ್ಜ್‌ಕಿ 1998ರಲ್ಲಿ ಇದೇ ಲೆಕ್ಕವನ್ನು ಪ್ರಕಟಿಸಿ, ಇದೇ ವಿಚಿತ್ರವನ್ನು ಕಂಡಿದ್ದರು. ಅಂದಿನಿಂದ ಅದಕ್ಕೆ ಎಂಟ್ರೊಪಿ ಉತ್ಪತ್ತಿಯ ವಿರೋಧಾಭಾಸ ಎಂಬ ಹೆಸರೇ ನಿಂತಿದೆ. ತಪ್ಪಿರುವುದು ಲೆಕ್ಕದಲ್ಲಲ್ಲ, ಲೆಕ್ಕದ ಉತ್ತರಕ್ಕೆ ನಾವು ಕೊಡುವ ಅರ್ಥದಲ್ಲಿ. ಒಂದು ಹಂಚಿಕೆ (ವಸ್ತು ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂಬುದು) ಎಷ್ಟು ಬೇಗ ಹರಡುತ್ತಿದೆ ಎಂಬುದು ಒಂದು ಸಂಗತಿ, ಆ ಪ್ರಕ್ರಿಯೆಯನ್ನು ಹಿಂದಕ್ಕೆ ತಿರುಗಿಸಬಹುದೇ ಎಂಬುದು ಇನ್ನೊಂದು. ಸಾಮಾನ್ಯ ವಿಸರಣೆಯಲ್ಲಿ ಇವೆರಡೂ ಅಂಟಿಕೊಂಡೇ ಬರುವುದರಿಂದ ನಾವು ಎರಡನ್ನೂ ಒಂದೇ ಎಂದು ಬಗೆದುಬಿಟ್ಟಿದ್ದೇವೆ. ದರ್ಜೆ ಭಿನ್ನಾಂಕವಾದ ಕೂಡಲೇ ಅವು ಬೇರೆಬೇರೆಯಾಗುತ್ತವೆ.

ಮೊದಲು ಲೆಕ್ಕವನ್ನೇ ಹತ್ತಿರದಿಂದ ನೋಡೋಣ. ಒಂದು ಬಿಂದುವಿನಲ್ಲಿ ಇಟ್ಟ ವಸ್ತು ಕಾಲ ಟಿ ಕಳೆದ ಮೇಲೆ ಎಷ್ಟು ಅಗಲಕ್ಕೆ ಹರಡಿದೆಯೋ ಅದನ್ನು ಹರವು ಎನ್ನೋಣ. ಬಿಂದುವಿನಿಂದ ಹೊರಟ ಭಿನ್ನಾಂಕ ವಿಸರಣೆಯಲ್ಲಿ ಹಂಚಿಕೆಯ ಆಕಾರ ಬದಲಾಗುವುದಿಲ್ಲ. ಅದೇ ಆಕಾರ ಕಾಲ ಕಳೆದಂತೆ ಹಿಗ್ಗುತ್ತದೆ, ಅಷ್ಟೇ. ಹರವು ಟಿ ಯ ಮ್ಯೂ ಘಾತದಂತೆ ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ಈ ಹಂಚಿಕೆಯನ್ನು ಶ್ಯಾನನ್‌ನ ಎಂಟ್ರೊಪಿ ಸೂತ್ರದಲ್ಲಿ ಹಾಕಿ ಅನುಕಲಿಸಿದರೆ ಎರಡು ಪದಗಳು ಉಳಿಯುತ್ತವೆ: ಆಕಾರವನ್ನು ಮಾತ್ರ ಅವಲಂಬಿಸಿದ ಒಂದು ಸ್ಥಿರಾಂಕ, ಮತ್ತು ಮ್ಯೂ ಗುಣಿಸು ಟಿ ಯ ಲಾಗರಿದಮ್. ಕಾಲಕ್ಕೆ ಅವಕಲಿಸಿದಾಗ ಸ್ಥಿರಾಂಕ ಹೋಗಿ ಬರಿಯ ಮ್ಯೂ/ಟಿ ಉಳಿಯುತ್ತದೆ. ಕಾಲದ ದರ್ಜೆ ಗಾಮಾ ಇರುವ ಸಮೀಕರಣದಲ್ಲಿ ಮ್ಯೂ ಎಂದರೆ ಗಾಮಾದ ಅರ್ಧ. ಆದ್ದರಿಂದ ಉತ್ಪತ್ತಿಯ ದರ ಗಾಮಾ/(2ಟಿ). ಟಿ 10 ಆದಾಗ ಗಾಮಾ 1ಕ್ಕೆ ಅದು 0.05, ಗಾಮಾ 1.5ಕ್ಕೆ 0.075, ಗಾಮಾ 1.9ಕ್ಕೆ 0.095. ಗಾಮಾ ಸರಿಯಾಗಿ 2 ಆದ ಕೂಡಲೇ ಹಂಚಿಕೆ ಎಡಕ್ಕೊಂದು ಬಲಕ್ಕೊಂದು ಓಡುವ ಎರಡು ಮೊನೆಗಳಾಗಿ ಬಿಡುತ್ತದೆ; ಅವು ಹರಡುವುದೇ ಇಲ್ಲ, ಉತ್ಪತ್ತಿಯೂ ಇಲ್ಲ. 0.1ರ ಹೊಸ್ತಿಲವರೆಗೆ ಏರಿ ಬಂದ ಸಂಖ್ಯೆ ಅಲ್ಲಿ ಥಟ್ಟನೆ ಶೂನ್ಯಕ್ಕೆ ಬೀಳುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಕಳೆದುಹೋದ ಆ ಸ್ಥಿರಾಂಕ. ಆಕಾರದ ಸುದ್ದಿಯೆಲ್ಲ ಅದರಲ್ಲಿತ್ತು. ಅವಕಲಿಸಿದಾಗ ನಾವು ಅದನ್ನೇ ಒರೆಸಿಹಾಕಿದೆವು. ಉಳಿದ ಮ್ಯೂ/ಟಿ ಗೆ ಹಂಚಿಕೆ ಒಂದು ಗುಡ್ಡದಂತಿದೆಯೋ ಎರಡು ಮೊನೆಗಳಾಗಿದೆಯೋ ತಿಳಿಯದು. ಅದಕ್ಕೆ ತಿಳಿದಿರುವುದು ಹರವಿನ ವೇಗ ಮಾತ್ರ. ಬೈಕಿನ ಮೈಲೇಜನ್ನು ಯಾರೂ ಗಂಟೆಗೆ ಎಷ್ಟು ಲೀಟರ್ ಎಂದು ಕೇಳುವುದಿಲ್ಲ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂದೇ ಕೇಳುತ್ತಾರೆ. ಏಕೆಂದರೆ ಗಂಟೆಯ ಲೆಕ್ಕದಲ್ಲಿ ವೇಗವಾಗಿ ಹೋಗುವ ಒಳ್ಳೆಯ ಬಂಡಿಯೂ ದುಂದುಗಾರನಂತೆ ಕಾಣುತ್ತದೆ. ಒಂದೇ ಗಡಿಯಾರ ಹಿಡಿದು ಗಾಮಾ 1 ಮತ್ತು ಗಾಮಾ 1.9ನ್ನು ಹೋಲಿಸುವುದು ಅದೇ ಬಗೆಯ ಅನ್ಯಾಯ. ಕೆಮ್ನಿಟ್ಸ್ ತಂಡದವರೂ ಮುಂದಿನ ಬರಹಗಳಲ್ಲಿ ಇದೇ ದಾರಿ ಹಿಡಿದರು: ಪ್ರತಿ ಪ್ರಕ್ರಿಯೆಗೂ ಅದರದೇ ಆದ ಒಂದು ಒಳವೇಗವಿದೆ, ಅದನ್ನು ಬದಿಗಿಟ್ಟು ನೋಡಿದರೆ ವಿರೋಧಾಭಾಸ ಕರಗುತ್ತದೆ ಎಂದರು.

ಅದನ್ನು ನೀವೇ ಒಂದು ಸಾಲಿನಲ್ಲಿ ತೋರಿಸಬಹುದು, ಕಂಪ್ಯೂಟರ್ ಬೇಕಿಲ್ಲ. ಒಂದೇ ಕಾಲದಲ್ಲಿ ಹೋಲಿಸುವ ಬದಲು ಒಂದೇ ಹರವಿನಲ್ಲಿ ಹೋಲಿಸಿ. ಗಾಮಾ 1 ಮತ್ತು 2ರ ನಡುವೆ ವರ್ಗ ಸರಾಸರಿ ದೂರ ಪರಿಮಿತವಾಗಿಯೇ ಇರುತ್ತದೆ, ಆದ್ದರಿಂದ ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ವರ್ಗ ಸರಾಸರಿ ಒಂದೇ ಇರುವ ಎಲ್ಲ ಹಂಚಿಕೆಗಳಲ್ಲಿ ಗೌಸ್‌ನ ಗಂಟೆಯಾಕಾರದ ಹಂಚಿಕೆಗೇ ಅತಿ ಹೆಚ್ಚು ಎಂಟ್ರೊಪಿ ಎಂಬುದು ಸಂಭವನೀಯತೆಯ ಹಳೆಯ ಫಲಿತಾಂಶ. ಗೌಸ್‌ನ ಹಂಚಿಕೆ ಸಿಗುವುದು ಗಾಮಾ 1ರಲ್ಲಿ ಮಾತ್ರ. ಹೀಗಾಗಿ ಒಂದೇ ಹರವಿನಲ್ಲಿ ಸಾಮಾನ್ಯ ವಿಸರಣೆಯೇ ತುತ್ತತುದಿಯಲ್ಲಿ ಕೂರುತ್ತದೆ; ಗಾಮಾ 2ರ ಹತ್ತಿರ ಬಂದಂತೆ ಹಂಚಿಕೆ ಎರಡು ಮೊನೆಗಳಾಗಿ ಸಣ್ಣಗಾಗುವುದರಿಂದ ಎಂಟ್ರೊಪಿ ತಳವಿಲ್ಲದೆ ಕುಸಿಯುತ್ತದೆ. ನೀವು ನಿರೀಕ್ಷಿಸಿದ ದಿಕ್ಕು ಇದೇ ಆಗಿತ್ತು.

ಜಾಗದ ಅವಕಲನವನ್ನು ಭಿನ್ನಾಂಕ ಮಾಡಿದಾಗಲೂ ಇದೇ ಕಥೆ. ಅಲ್ಲಿ ದರ್ಜೆ ಆಲ್ಫಾ 2 ಆದಾಗ ವಿಸರಣೆ, ಉತ್ಪತ್ತಿಯ ದರ 1/(ಆಲ್ಫಾ ಗುಣಿಸು ಟಿ). ಆದರೆ ಒಂದು ಎಚ್ಚರಿಕೆ ಇರಲಿ. ಆಲ್ಫಾ 1ಕ್ಕೆ ಬಂದಾಗ ಅಲೆ ಸಿಗುವುದು ಒಂದೇ ಬದಿಗೆ ವಾಲಿದ ಅವಕಲನಕ್ಕೆ ಮಾತ್ರ. ಎರಡೂ ಬದಿಗೆ ಸಮನಾದ ಅವಕಲನಕ್ಕೆ ಅಲ್ಲಿ ಸಿಗುವುದು ಕೋಶಿಯ ಹಂಚಿಕೆ, ಎರಡೂ ಬದಿಗೆ ಉದ್ದ ಬಾಲವಿರುವ ಒಂದೇ ಗುಡ್ಡ; ಅದರಲ್ಲಿ ಅಲೆಯ ಗುಣ ಏನೂ ಇಲ್ಲ, ವಿರೋಧಾಭಾಸವೂ ಇಲ್ಲ. ವರ್ಗ ಸರಾಸರಿ ಅಲ್ಲಿ ಅಪರಿಮಿತವಾದ್ದರಿಂದ ಮೇಲಿನ ಗೌಸ್ ವಾದವೂ ನೇರವಾಗಿ ಸಲ್ಲದು, ಹರವಿಗೆ ಬೇರೆ ಅಳತೆ ಹುಡುಕಬೇಕು. ಸೆಮಿನಾರಿನಲ್ಲಿ ಇವೆರಡನ್ನೂ ಬೆರೆಸಬೇಡಿ. ಕೇಳುವವರು ಮೊದಲು ಹಿಡಿಯುವುದೇ ಇಲ್ಲಿ.

ಹಾಗಾದರೆ ಒಂದೇ ಹರವಿನಲ್ಲಿ ಅಳೆದ ಎಂಟ್ರೊಪಿಯೇ ಅಪರಾವರ್ತನೀಯತೆಯ ಅಳತೆಯೇ? ಹಾಗೆಂದು ಒಪ್ಪಿಕೊಂಡು ಮುಗಿಸುವುದು ಸುಲಭ, ಆದರೆ ನಾನು ಒಪ್ಪುವುದಿಲ್ಲ. ನಿಮ್ಮ ಕೊಳವೆಯ ಕಡೆಗೆ, ಗಾಮಾ 1ಕ್ಕಿಂತ ಕಡಿಮೆ ಇರುವ ಕಡೆಗೆ ನೋಡಿ. ಗಾಮಾ ಶೂನ್ಯಕ್ಕೆ ಹತ್ತಿರವಾದಂತೆ ಹಂಚಿಕೆ ಎರಡೂ ಬದಿಗೆ ಘಾತೀಯವಾಗಿ ಇಳಿಯುವ ಲಾಪ್ಲಾಸ್‌ನ ಚೂಪು ಗುಡ್ಡವಾಗುತ್ತದೆ. ವರ್ಗ ಸರಾಸರಿಯನ್ನು 1 ಎಂದಿಟ್ಟರೆ ಗೌಸ್‌ನ ಎಂಟ್ರೊಪಿ 1.419, ಲಾಪ್ಲಾಸ್‌ನದು 1.347. ಅಲ್ಲೂ ಕಡಿಮೆಯೇ. ಹಾಗೆಂದ ಮಾತ್ರಕ್ಕೆ ಮಣ್ಣಿನಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಹರಡುವ ಉಪ್ಪು ಸಾಮಾನ್ಯ ವಿಸರಣೆಗಿಂತ ಸುಲಭವಾಗಿ ಹಿಂದಿರುಗುತ್ತದೆ ಎಂದು ಯಾರೂ ಹೇಳಲಾರರು. ಆಕಾರದ ಎಂಟ್ರೊಪಿ ಆಕಾರದ ಸುದ್ದಿ ಹೇಳುತ್ತದೆ, ಕಾಲದ ದಿಕ್ಕಿನ ಸುದ್ದಿಯನ್ನಲ್ಲ.

ಅಲೆಯ ಬದಿಯಲ್ಲಿ ಇದು ಇನ್ನೂ ಸ್ಪಷ್ಟ. ಬಿಂದುವಿನ ಬದಲು ಸ್ವಲ್ಪ ಅಗಲವಿರುವ ಒಂದು ಉಬ್ಬನ್ನು, ಆರಂಭದ ವೇಗವಿಲ್ಲದೆ, ಅಲೆಯ ಸಮೀಕರಣಕ್ಕೆ ಕೊಡಿ. ಅದು ಅರ್ಧ ಎತ್ತರದ ಎರಡು ಉಬ್ಬುಗಳಾಗಿ ಒಡೆದು ಎರಡು ಕಡೆಗೆ ಹೋಗುತ್ತದೆ. ಅವು ಪೂರ್ತಿ ಬೇರೆಯಾದ ಮೇಲೆ ಎಂಟ್ರೊಪಿಯನ್ನು ಲೆಕ್ಕ ಹಾಕಿದರೆ ಮೊದಲಿಗಿಂತ ಸರಿಯಾಗಿ 2ರ ಲಾಗರಿದಮ್‌ನಷ್ಟು, ಅಂದರೆ 0.693ರಷ್ಟು, ಹೆಚ್ಚಿರುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ. ಅಲೆಯಲ್ಲಿಯೂ ಎಂಟ್ರೊಪಿ ಏರಿತು! ಆದರೆ ವೇಗಗಳನ್ನು ತಿರುಗಿಸಿ ಬಿಟ್ಟರೆ ಎರಡು ಉಬ್ಬುಗಳೂ ಹಿಂದಕ್ಕೆ ಬಂದು ಒಂದಾಗಿ, ಏರಿದ್ದ ಆ 0.693 ಪೂರ್ತಿ ಇಳಿದುಬಿಡುತ್ತದೆ. ಕಳೆದದ್ದು ಏನೂ ಇರಲಿಲ್ಲ. ಉಬ್ಬಿನ ಎತ್ತರವನ್ನಷ್ಟೇ ನೋಡಿ, ವೇಗವನ್ನು ನೋಡದೆ ಲೆಕ್ಕ ಬರೆದದ್ದರಿಂದ ಹಾಗೆ ಕಂಡಿತು. ಗಾಮಾ 1ನ್ನು ದಾಟಿದ ಕೂಡಲೇ ಸಮೀಕರಣ ಎರಡು ಆರಂಭದ ಷರತ್ತುಗಳನ್ನು ಕೇಳುತ್ತದೆ ಎಂಬುದು ನಿಮಗೆ ಗೊತ್ತು. ಆ ವ್ಯವಸ್ಥೆಯ ಸ್ಥಿತಿಯೆಂದರೆ ಹಂಚಿಕೆ ಒಂದೇ ಅಲ್ಲ ಎಂದು ಸಮೀಕರಣ ತಾನೇ ಹೇಳುತ್ತಿರುವಾಗ, ಹಂಚಿಕೆಯೊಂದರಿಂದಲೇ ಎಂಟ್ರೊಪಿ ಬರೆಯುವುದು ಅರ್ಧ ಖಾತೆ ಮುಚ್ಚಿಟ್ಟು ಆಡಿಟ್ ಮಾಡಿದಂತಲ್ಲದೆ ಬೇರೇನೂ ಅಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ, ನೆನಪಿನದು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದೂ ಇದೇ. ಸಾಮಾನ್ಯ ವಿಸರಣೆಯಲ್ಲಿ ಎಂಟ್ರೊಪಿ ಉತ್ಪತ್ತಿಗೆ ಒಂದು ಗಟ್ಟಿಯಾದ ಸೂತ್ರವಿದೆ. 1855ರಲ್ಲಿ ಫಿಕ್ ಹೇಳಿದಂತೆ ಹರಿವು ಸಾಂದ್ರತೆಯ ಇಳಿಜಾರಿಗೆ ಅನುಪಾತದಲ್ಲಿದೆ. ಅದನ್ನು ಬಳಸಿದರೆ ಪ್ರತಿ ಬಿಂದುವಿನಲ್ಲಿ ಉತ್ಪತ್ತಿ ಎಂದರೆ ಹರಿವಿನ ವರ್ಗವನ್ನು ಸಾಂದ್ರತೆ ಮತ್ತು ವಿಸರಣಾಂಕಗಳ ಗುಣಲಬ್ಧದಿಂದ ಭಾಗಿಸಿದಷ್ಟು. ವರ್ಗವಾದ್ದರಿಂದ ಅದು ಎಲ್ಲೂ ಋಣವಾಗಲಾರದು. ಗೌಸ್‌ನ ಹಂಚಿಕೆಗೆ ಎಲ್ಲ ಬಿಂದುಗಳಲ್ಲೂ ಕೂಡಿಸಿ ನೋಡಿ, ನಿಮ್ಮ 1/(2ಟಿ) ಯೇ ಬರುತ್ತದೆ. ಭಿನ್ನಾಂಕ ಸಮೀಕರಣದಲ್ಲಿ ಈ ಮೊದಲ ಹೆಜ್ಜೆಯೇ ಕುಸಿಯುತ್ತದೆ. ಅಲ್ಲಿ ಈ ಹೊತ್ತಿನ ಹರಿವನ್ನು ಈ ಹೊತ್ತಿನ ಇಳಿಜಾರೊಂದೇ ನಿರ್ಧರಿಸುವುದಿಲ್ಲ. ಹಿಂದಿನ ಎಲ್ಲ ಇಳಿಜಾರುಗಳೂ ತೂಕ ಹಾಕಿಕೊಂಡು ಬಂದು ಸೇರುತ್ತವೆ. ಅದರ ಪರಿಣಾಮವಾಗಿ ಹರಿವು ಕೆಲವೊಮ್ಮೆ ಇಳಿಜಾರನ್ನು ಏರಿ ಹೋಗಬಹುದು, ಆಗ ಹರಿವು ಮತ್ತು ಅದನ್ನು ತಳ್ಳುವ ಬಲಗಳ ಗುಣಲಬ್ಧ ಋಣವಾಗಿ ಎಂಟ್ರೊಪಿ ನಾಶವಾದಂತೆ ಕಾಣಬಹುದು.

ಇದು ಹೇಗೆ ಸಾಧ್ಯ ಎಂಬುದನ್ನು ನಿಮ್ಮ ಕೊಳವೆಯೊಳಗೇ ನೋಡಿ. ಜೇಡಿ ಹೆಚ್ಚಿರುವ ಗದ್ದೆಯ ಮಣ್ಣಿನಲ್ಲಿ ದೊಡ್ಡ ರಂಧ್ರಗಳ ಮೂಲಕ ನೀರು ಸರಾಗವಾಗಿ ಇಳಿಯುತ್ತದೆ, ಹೆಂಟೆಗಳ ಒಳಗಿನ ನೀರು ಮಾತ್ರ ನಿಂತೇ ಇರುತ್ತದೆ. ಹೆಂಟೆಯ ಒಳಕ್ಕೆ ಹೊಕ್ಕ ಅಯಾನು ಹೊರಬರಲು ಕೆಲವೊಮ್ಮೆ ನಿಮಿಷ, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಕಾಯುವ ಕಾಲಕ್ಕೆ ಹೀಗೆ ಉದ್ದ ಬಾಲವಿದ್ದಾಗ ಅದನ್ನು ಮಾಂಟ್ರೋಲ್ ಮತ್ತು ವೈಸ್ 1965ರಲ್ಲಿ ಮಂಡಿಸಿದ, ಜಿಗಿತಗಳ ನಡುವೆ ಕಾಯುತ್ತ ಸಾಗುವ ಯಾದೃಚ್ಛಿಕ ನಡಿಗೆಯಾಗಿ ಬರೆಯಬಹುದು. ಕಾಯುವ ಕಾಲದ ಸರಾಸರಿಯೇ ಅಪರಿಮಿತವಾದಾಗ ದೀರ್ಘಕಾಲದಲ್ಲಿ ಅದು ಭಿನ್ನಾಂಕ ವಿಸರಣೆಗೆ ಬಂದು ನಿಲ್ಲುತ್ತದೆ. ಇಂಥ ನಡಿಗೆಯಲ್ಲಿ ಒಂದು ಕಣ ಎಷ್ಟು ಹೊತ್ತಿನಿಂದ ಕಾಯುತ್ತಿದೆಯೋ ಅಷ್ಟಕ್ಕೂ ಅದು ಈಗ ಜಿಗಿಯುವ ಸಾಧ್ಯತೆ ಇಳಿಯುತ್ತದೆ: ಸುಮಾರಾಗಿ ಗಾಮಾವನ್ನು ಕಾದ ಕಾಲದಿಂದ ಭಾಗಿಸಿದಷ್ಟು. ಒಂದು ಜಾಗದಲ್ಲಿ 1000 ನಿಮಿಷಗಳಿಂದ ಕೂತಿರುವ 1000 ಕಣಗಳಿವೆ, ಪಕ್ಕದಲ್ಲಿ ಒಂದು ನಿಮಿಷದ ಹಿಂದೆ ಬಂದ 100 ಕಣಗಳಿವೆ ಎನ್ನಿ. ಮೊದಲ ಜಾಗದಿಂದ ನಿಮಿಷಕ್ಕೆ ಹೊರಡುವವು ಗಾಮಾ ಗುಣಿಸು 1, ಎರಡನೆಯದರಿಂದ ಗಾಮಾ ಗುಣಿಸು 100. ಹರಿವು ಕಡಿಮೆ ಕಣಗಳಿರುವ ಕಡೆಯಿಂದ ಹೆಚ್ಚು ಕಣಗಳಿರುವ ಕಡೆಗೆ ಸಾಗುತ್ತದೆ.

ಹಾಗೆಂದು ಒಟ್ಟು ಎಂಟ್ರೊಪಿ ಇಳಿಯದು ಎನ್ನುವ ಉಷ್ಣಗತಿಯ ಎರಡನೆಯ ನಿಯಮ ಮುರಿದಿಲ್ಲ. ಕಣ ಎಲ್ಲಿದೆ ಎಂಬುದರ ಜೊತೆಗೆ ಅದು ಎಷ್ಟು ಆಳಕ್ಕೆ ಸಿಕ್ಕಿಕೊಂಡಿದೆ ಎಂಬುದನ್ನೂ ಖಾತೆಗೆ ತೆಗೆದುಕೊಳ್ಳಿ, ಹೆಂಟೆಯೊಳಗಿನ ನೀರನ್ನೂ ವ್ಯವಸ್ಥೆಯ ಭಾಗವೆಂದೇ ಬರೆಯಿರಿ. ಹೆಂಟೆಯೊಳಗೆ ನಡೆಯುವುದು ಫಿಕ್‌ನ ಸಾಮಾನ್ಯ ವಿಸರಣೆಯೇ. ಆ ದೊಡ್ಡ ಖಾತೆಯಲ್ಲಿ ನೆನಪು ಎಂಬುದೇ ಉಳಿಯುವುದಿಲ್ಲ, ಪ್ರತಿ ಬಿಂದುವಿನ ಉತ್ಪತ್ತಿಯೂ ಮತ್ತೆ ಒಂದು ವರ್ಗವಾಗಿ ಧನವಾಗುತ್ತದೆ. ಕಣಗಳನ್ನು ಹಿಡಿದಿಡುವುದು ಹೆಂಟೆಯ ಬದಲು ಶಕ್ತಿಯ ಗುಂಡಿಗಳಾಗಿದ್ದರೂ, ಗಾಜಿನಂಥ ಅರೆವಾಹಕಗಳಲ್ಲಿ ಹಾಗೆಯೇ, ಹಳೆಯ ಕಣಗಳು ಆಳದ ಗುಂಡಿಗಳಲ್ಲಿ ಇರುವವು. ಅವುಗಳ ರಾಸಾಯನಿಕ ವಿಭವ, ಅಂದರೆ ಕಣಗಳನ್ನು ಹೊರತಳ್ಳುವ ಒತ್ತಡದಂಥ ಅಳತೆ, ಕಡಿಮೆ. ಹರಿವು ಎಂದಿನಂತೆ ಹೆಚ್ಚು ವಿಭವದಿಂದ ಕಡಿಮೆ ವಿಭವಕ್ಕೇ ಹೋಗಿದೆ, ಕಣ ಗುಂಡಿಗೆ ಇಳಿದಾಗ ಬಿಟ್ಟ ಶಾಖ ಪರಿಸರದ ಎಂಟ್ರೊಪಿಗೆ ಸೇರಿದೆ. ಸಮೀಕರಣದ ನೆನಪು ಎಂದರೆ ನಾವು ಖಾತೆಯಿಂದ ಬಿಟ್ಟ ಚರಗಳ ನೆರಳು, ಅದು ಸ್ವತಃ ಎಂಟ್ರೊಪಿಯನ್ನು ಹುಟ್ಟಿಸುವ ಯಂತ್ರವಲ್ಲ.

ಬೋಲ್ಟ್ಸ್‌ಮನ್‌ನ ಮಾದರಿಯ ಏರಿಕೆಯ ಪ್ರಮೇಯ, ಅಂದರೆ ಕಾಲ ಕಳೆದಂತೆ ಎಂಟ್ರೊಪಿ ಎಂದೂ ಇಳಿಯದು ಎನ್ನುವುದು, ಇಲ್ಲಿ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂದು ಯಾರಾದರೂ ಕೇಳಬಹುದು, ಉತ್ತರ ಸಿದ್ಧವಿರಲಿ. ಗಾಮಾ 1ಕ್ಕಿಂತ ಕಡಿಮೆ ಇದ್ದಾಗ ಟಿ ಕಾಲದ ಹಂಚಿಕೆ ಎಂದರೆ ಸಾಮಾನ್ಯ ವಿಸರಣೆಯ ಬೇರೆಬೇರೆ ಕಾಲದ ಹಂಚಿಕೆಗಳ ಮಿಶ್ರಣ. ಆದ್ದರಿಂದ ಮುಚ್ಚಿದ ಕೊಳವೆಯಲ್ಲಿ ಆರಂಭದ ಎಂಟ್ರೊಪಿಗಿಂತ ಆಮೇಲಿನ ಯಾವ ಕ್ಷಣದ ಎಂಟ್ರೊಪಿಯೂ ಕಡಿಮೆಯಾಗದು ಎಂದು ಖಚಿತವಾಗಿ ಹೇಳಬಹುದು. ನಡುವಿನ ಎರಡು ಕ್ಷಣಗಳನ್ನು ಹೋಲಿಸುವಾಗ ಮಾತ್ರ ಅದೇ ಸಾಧನೆ ಕೈಕೊಡುತ್ತದೆ, ಏಕೆಂದರೆ ಮೊದಲ ಕ್ಷಣದ ಹಂಚಿಕೆಯೊಂದರಿಂದಲೇ ಎರಡನೆಯದನ್ನು ಪಡೆಯಲಾಗುವುದಿಲ್ಲ, ನಡುವೆ ಇತಿಹಾಸ ಬಂದು ನಿಲ್ಲುತ್ತದೆ.

ಹಾಗಾದರೆ ಅಪರಾವರ್ತನೀಯತೆಯನ್ನು ಅಳೆಯುವುದು ಹೇಗೆ? ಕಣದ ಪಥವನ್ನು ಚಿತ್ರೀಕರಿಸಿ, ಚಿತ್ರವನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ, ಯಾವುದು ಮುಂದಿನದು ಯಾವುದು ಹಿಂದಿನದು ಎಂದು ಎಷ್ಟು ಖಚಿತವಾಗಿ ಹೇಳಬಹುದೆಂದು ಕೇಳುವುದೇ ಇಂದಿನ ಸರಿಯಾದ ಅಳತೆ. ಕವಾಯ್, ಪರೊಂಡೊ ಮತ್ತು ವಾನ್ ಡೆನ್ ಬ್ರೂಕ್ 2007ರಲ್ಲಿ ತೋರಿಸಿದಂತೆ, ವ್ಯರ್ಥವಾದ ಕೆಲಸವನ್ನು ತಾಪದಿಂದ ಭಾಗಿಸಿದರೆ ಬರುವ ಎಂಟ್ರೊಪಿ ಈ ಎರಡು ಚಿತ್ರಗಳ ಸಂಭವನೀಯತೆಗಳ ನಡುವಿನ ಅಂತರವೇ. ಈ ಅಳತೆ ಹಿಡಿದು ನಿಮ್ಮ ಪ್ರಶ್ನೆಗೆ ಮರಳಿದರೆ ಅಚ್ಚರಿಯ ಉತ್ತರ ಸಿಗುತ್ತದೆ. ಮ್ಯಾಂಡೆಲ್‌ಬ್ರಾಟ್ ಮತ್ತು ವಾನ್ ನೆಸ್ 1968ರಲ್ಲಿ ವಿವರಿಸಿದ ಭಿನ್ನಾಂಕ ಬ್ರೌನಿಯನ್ ಚಲನೆಯಲ್ಲಿ ಬೇಕಾದಷ್ಟು ನೆನಪಿದೆ, ಹರವೂ ನಿಮ್ಮ ಉಪ್ಪಿನಂತೆಯೇ ಟಿ ಯ 0.3 ಘಾತದಲ್ಲಿ ಬೆಳೆಯಬಹುದು. ಆದರೆ ಅದರ ಹೆಜ್ಜೆಗಳು ಗೌಸ್‌ನವು, ಎರಡು ಹೆಜ್ಜೆಗಳ ಸಂಬಂಧ ಅವುಗಳ ನಡುವಿನ ಕಾಲದ ಅಂತರವನ್ನು ಮಾತ್ರ ಅವಲಂಬಿಸಿದೆ. ಮುಂದಿನ ಚಿತ್ರಕ್ಕೂ ಹಿಂದಿನ ಚಿತ್ರಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನೆನಪು ಪೂರ್ತಿ ಇದೆ, ಅಪರಾವರ್ತನೀಯತೆ ಸೊನ್ನೆ.

ಕಾಯುತ್ತ ಜಿಗಿಯುವ ನಡಿಗೆ ಹಾಗಲ್ಲ. ಹೊಸದಾಗಿ ಬಿಟ್ಟ ಕಣಗಳು ಮೊದಮೊದಲು ಪದೇಪದೇ ಜಿಗಿಯುತ್ತವೆ. ಹೊತ್ತು ಕಳೆದಂತೆ ಒಂದೊಂದೂ ಯಾವುದೋ ಆಳದ ಹೆಂಟೆಯಲ್ಲಿ ಸಿಕ್ಕಿ ಜಿಗಿತಗಳು ವಿರಳವಾಗುತ್ತವೆ. ಚಿತ್ರವನ್ನು ತಿರುಗಿಸಿದರೆ ಮೊದಲು ವಿರಳ, ಆಮೇಲೆ ದಟ್ಟ. ಮೋಸ ಕೂಡಲೇ ಗೊತ್ತಾಗುತ್ತದೆ. ಹೊರಗಿನ ಬಲವೇನೂ ಇಲ್ಲದೆಯೂ ಇಲ್ಲಿ ಕಾಲಕ್ಕೆ ದಿಕ್ಕಿದೆ, ಅದು ಬಂದದ್ದು ಕಣಗಳು ವಯಸ್ಸಾಗುವುದರಿಂದ, ಅಂದರೆ ನಾವು ಅವನ್ನು ತಾಜಾ ಸ್ಥಿತಿಯಲ್ಲಿ ಬಿಟ್ಟದ್ದರಿಂದ. ಹರವು ಎರಡರಲ್ಲೂ ಒಂದೇ, ಗಾಮಾ ಒಂದೇ, ನಿಮ್ಮ ಗಾಮಾ/(2ಟಿ) ಯೂ ಒಂದೇ. ಹಂಚಿಕೆ ಹರಡಿದ ವೇಗದಿಂದ ಅಪರಾವರ್ತನೀಯತೆಯನ್ನು ಓದಲಾಗದು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ತಿಳಿದಂತೆ ಇಲ್ಲ. ಐನ್‌ಸ್ಟೈನ್ 1905ರಲ್ಲಿ ಬರೆದ ಸಾಮಾನ್ಯ ಬ್ರೌನಿಯನ್ ಚಲನೆಗೂ ಇದು ಅನ್ವಯಿಸುತ್ತದೆ ಎಂಬುದನ್ನು ಬಹಳ ಪಾಠಗಳು ಮುಚ್ಚಿಟ್ಟುಬಿಡುತ್ತವೆ: ಸಮತೋಲದಲ್ಲಿರುವ ನೀರಿನಲ್ಲಿ ಒಂದು ಪರಾಗಕಣದ ಚಿತ್ರಕ್ಕೆ ಹಿಂದುಮುಂದು ಇಲ್ಲ. ಅಲ್ಲಿಯ 1/(2ಟಿ) ಹುಟ್ಟಿದ್ದು ಎಲ್ಲ ಕಣಗಳನ್ನೂ ಒಂದೇ ಬಿಂದುವಿನಲ್ಲಿ ಕೂಡಿಟ್ಟು ಆಟ ಶುರು ಮಾಡಿದ್ದರಿಂದ.

ಹೊರಗಿನ ಬಲವಿದ್ದರೆ ಲೆಕ್ಕ ಇನ್ನಷ್ಟು ನೇರವಾಗುತ್ತದೆ. ಬಲ ಮಾಡಿದ ಕೆಲಸವನ್ನು ತಾಪದಿಂದ ಭಾಗಿಸಿದಷ್ಟು ಎಂಟ್ರೊಪಿ ಪರಿಸರಕ್ಕೆ ಸೇರುತ್ತದೆ. ಕಾಯುವ ನಡಿಗೆಯಲ್ಲಿ ಸರಾಸರಿ ಸಾಗಿದ ದೂರ ಟಿ ಯ ಗಾಮಾ ಘಾತದಂತೆ ಬೆಳೆಯುವುದರಿಂದ ಉತ್ಪತ್ತಿಯ ದರ ಗಾಮಾ ಕಳೆ 1 ಘಾತದಂತೆ ಇಳಿಯುತ್ತದೆ, ಗಾಮಾ 0.6 ಆದರೆ ಕಾಲ 10 ಪಟ್ಟಾದಾಗ ದರ ಮೊದಲಿನ 40 ಶೇಕಡಾಕ್ಕೆ ಬರುತ್ತದೆ. ಹರಡುವಿಕೆಯ ಪಾಲು ಅದೇ ಅವಧಿಯಲ್ಲಿ ಹತ್ತರಲ್ಲಿ ಒಂದಕ್ಕೆ ಕುಸಿಯುತ್ತದೆ. ಹೀಗಾಗಿ ದೀರ್ಘಕಾಲದಲ್ಲಿ ಬಲದ ಪಾಲೇ ಮೇಲುಗೈ.

ಕೊನೆಗೆ ನಿಮ್ಮ ಕೊಳವೆಯ ವಿಚಾರ. ಸಂಖ್ಯೆಗಳನ್ನು ಒಮ್ಮೆ ಭೌತಿಕ ಮಾನಗಳಲ್ಲಿ ಬರೆದು ನೋಡಿ, ಕಣ್ಣಿಗೆ ಹಿಡಿತ ಸಿಗುತ್ತದೆ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಅಯಾನುಗಳು 0.0342 ಮೋಲ್. ತೆಳು ದ್ರಾವಣದಲ್ಲಿ ಅವುಗಳ ಹರವು ಇಮ್ಮಡಿಯಾದಾಗ ಎಂಟ್ರೊಪಿ ಏರುವುದು 8.314 ಗುಣಿಸು 0.693 ಗುಣಿಸು 0.0342, ಅಂದರೆ ಕೆಲ್ವಿನ್‌ಗೆ ಸುಮಾರು 0.2 ಜೌಲ್. ಒಂದು ಲೀಟರ್ ನೀರು ಒಂದು ಮೀಟರ್ ಎತ್ತರದ ಕೊಳವೆಯಲ್ಲಿ ನಿಧಾನವಾಗಿ ಇಳಿದು ಘರ್ಷಣೆಯಲ್ಲಿ ಶಕ್ತಿ ಕಳೆದಾಗ ಹುಟ್ಟುವ ಎಂಟ್ರೊಪಿ 300 ಕೆಲ್ವಿನ್‌ನಲ್ಲಿ ಕೇವಲ 0.033. ಹರವು ಇಮ್ಮಡಿಯಾಗುವುದಕ್ಕೆ ಗಾಮಾ ಎಷ್ಟೇ ಇರಲಿ, ಗಳಿಕೆ ಅದೇ 0.2, ಬದಲಾಗುವುದು ತಗಲುವ ಕಾಲ. ಗಾಮಾ 1ರಲ್ಲಿ ಕಾಲ 4 ಪಟ್ಟಾಗಬೇಕು, 1.5ರಲ್ಲಿ 2.5 ಪಟ್ಟು ಸಾಕು, ನಿಮ್ಮ 0.6ರಲ್ಲಿ 10 ಪಟ್ಟು ಬೇಕು. ಸೆಮಿನಾರಿನ ಚಿತ್ರದಲ್ಲಿ ಎಂಟ್ರೊಪಿಯನ್ನು ಕಾಲದ ಎದುರು ಎಳೆಯುವ ಬದಲು ಹರವಿನ ಲಾಗರಿದಮ್ ಎದುರು ಎಳೆಯಿರಿ. ಎಲ್ಲ ಗಾಮಾಗಳ ರೇಖೆಗಳೂ ಸಮಾಂತರವಾಗಿ ಬರುತ್ತವೆ, ಅವುಗಳ ನಡುವಿನ ಏರುತಗ್ಗೇ ಆ ಕಳೆದುಹೋದ ಸ್ಥಿರಾಂಕ.

ಬಾಲ ಉದ್ದವಿದೆ ಎಂದ ಮಾತ್ರಕ್ಕೆ ಅದು ಹೆಂಟೆಗಳ ಕೆಲಸ ಎಂದು ನಿರ್ಧರಿಸಬೇಡಿ, ಒಂದು ಪರೀಕ್ಷೆ ಮಾಡಿ. ಉಪ್ಪು ಹೊರಬರುತ್ತಿರುವಾಗ, ಬಾಲದ ಭಾಗದಲ್ಲಿ, ನೀರನ್ನು ಪೂರ್ತಿ ನಿಲ್ಲಿಸಿ ಒಂದು ದಿನ ಬಿಟ್ಟು ಮತ್ತೆ ಹರಿಸಿ. ಹೊರಬರುವ ನೀರಿನ ವಿದ್ಯುತ್ ವಾಹಕತೆ ನಿಲ್ಲಿಸಿದಾಗ ಇದ್ದದ್ದಕ್ಕಿಂತ ಮೇಲೆ ಜಿಗಿದರೆ, ನಿಂತಿದ್ದ ಹೊತ್ತಿನಲ್ಲಿ ಹೆಂಟೆಗಳಿಂದ ಉಪ್ಪು ಹೊರಗೆ ಬಂದಿದೆ ಎಂದರ್ಥ. ಜಿಗಿಯದಿದ್ದರೆ ಬಾಲಕ್ಕೆ ನೀರಿನ ದಾರಿಗಳ ವೇಗವ್ಯತ್ಯಾಸವೇ ಕಾರಣವಿರಬಹುದು, ಆಗ ಭಿನ್ನಾಂಕ ಸಮೀಕರಣ ಹೊಂದಿದರೂ ಅದರ ಅರ್ಥ ಬೇರೆ. ಇನ್ನೊಂದು ಮಾತು: ಅತಿ ದೊಡ್ಡ ಹೆಂಟೆಯ ಒಳಗಿನಿಂದ ಉಪ್ಪು ಹೊರಬರಲು ಬೇಕಾದ ಕಾಲ ದಾಟಿದ ಮೇಲೆ ನೆನಪು ಮುಗಿದು, ಹರಡುವಿಕೆ ಸಾಮಾನ್ಯ ವಿಸರಣೆಗೆ ಮರಳಲೇಬೇಕು, 0.6 ಎಂಬ ಸಂಖ್ಯೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಅಡುಗೆ ಉಪ್ಪನ್ನು ಮಾತ್ರ ಬಿಟ್ಟುಬಿಡಿ. ಸೋಡಿಯಂ ಜೇಡಿಯನ್ನು ಚದುರಿಸಿ ಹೆಂಟೆಗಳನ್ನೇ ಒಡೆಯುತ್ತದೆ, ಅಳೆಯಬೇಕಾದ ರಚನೆಯೇ ಅಳೆಯುವಾಗ ಬದಲಾಗುತ್ತದೆ. ಮೊದಲಿನಿಂದಲೂ ತೆಳುವಾದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನೇ ಹರಿಸಿ, ಗುರುತಿಗೆ ಸ್ವಲ್ಪ ಬ್ರೋಮೈಡ್ ಸೇರಿಸಿ. ಆಗ ವಾಹಕತೆಯ ಮೀಟರ್ ಸಾಲದು, ಬ್ರೋಮೈಡನ್ನೇ ಗುರುತಿಸುವ ಎಲೆಕ್ಟ್ರೋಡ್ ಬೇಕಾಗುತ್ತದೆ. ರಸಾಯನ ವಿಭಾಗದವರನ್ನು ಒಮ್ಮೆ ಕೇಳಿ ನೋಡಿ.